ವಾಲಿದ್ದು ಯಾರ ಮನೆ

ನಮ್ಮೂರಿನಲ್ಲಿ ಯಾರದಾದರೂ ಮನೆ ವಾಲಿತೆಂದರೆ ಗೌಂಡಿಯನ್ನು ಕರೆಯುವುದಿಲ್ಲ, ಚಹಾಕ್ಕೆ ಇಡುತ್ತಾರೆ. ಇದನ್ನು ನಾನು ಹೇಳಿದರೆ ಜನ ನಗುತ್ತಾರೆ, ಯಾಕೆಂದರೆ ನನ್ನ ಗಂಡನೇ ಗೌಂಡಿ. ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದವರು ಅವರೇ. ಆದರೂ ಮನೆಯೊಳಗಿನ ಒಬ್ಬರ ಮನಸ್ಸಿಗೆ ಆರಾಮ ತಪ್ಪಿ, ಮನೆ ಒಂದು ಮಗ್ಗುಲಿಗೆ ಇಳಿಯತೊಡಗಿದರೆ ಸಿಮೆಂಟು ಕಲಸಿ ಉಪಯೋಗವಿಲ್ಲ ಎಂಬುದು ಚಡ್ಡಿ ಹಾಕದ ಮಕ್ಕಳಿಗೂ ಗೊತ್ತು. ಓಣಿಯವರು ಹೋಗಿ ಎತ್ತರವಾದ ಮಗ್ಗುಲಿಗೆ ಕೂಡ್ರಬೇಕು. ದಿನಾ ಹೋಗಬೇಕು, ಮನೆ ನೆಟ್ಟಗಾಗುವ ತನಕ ಹೋಗಬೇಕು.

ಕೂಡ್ರುವುದೆಂದರೆ ಬರೀ ಕೂಡ್ರುವುದು. ಅವರೆಕಾಯಿ ಸುಲಿಯಬಹುದು, ಚೌಕಾಬಾರ ಆಡಬಹುದು, ಅಲ್ಲಿ ಇಲ್ಲದವರ ಮೇಲೆ ಚಾಡಿ ಹೇಳಬಹುದು. ಬುದ್ಧಿ ಮಾತ್ರ ಹೇಳಬಾರದು. "ಧೈರ್ಯ ತಗೋ", "ಎಲ್ಲಾ ಮರತಬಿಡು" ಅಂದವರನ್ನು ಹುಸೇನಬಿ ಚಾಚಿ ರಟ್ಟೆ ಹಿಡಿದು ಹೊರಗೆ ಕಳಿಸುತ್ತಾಳೆ. ಹುಸೇನಬಿಯದು ಹಿಟ್ಟಿನ ಗಿರಣಿ. ಗಿರಣಿಯ ಕಟ್ಟೆಯ ಮೇಲೆ ನಿಂತರೆ ನಮ್ಮ ಓಣಿಯ ಅಷ್ಟೂ ಮನೆಗಳು ಕಾಣುತ್ತವೆ. ಯಾವುದು ಹೇಗೆ ನಿಂತಿದೆ ಎಂದು ಬೆಳಗ್ಗೆ ಒಮ್ಮೆ ಕಣ್ಣಾಡಿಸಿ, ಯಾರು ಎಲ್ಲಿ ಕೂಡ್ರಬೇಕೆಂದು ಅವಳೇ ಹೇಳಿ ಕಳಿಸುತ್ತಾಳೆ. ಒಬ್ಬ ಜಿಪುಣ ಸಾವಕಾರ, ಮಂದಿಗೆ ಚಹಾ ಕಾಸುವವರಾರು ಎಂದು, ಮನೆಯ ಎತ್ತರದ ಮಗ್ಗುಲಿಗೆ ಜೋಳದ ಚೀಲ ಒಟ್ಟಿದ್ದನಂತೆ. ಮನೆ ಅಲುಗಲಿಲ್ಲ. ಪಕ್ಕದ ಮನೆಯ ಹಾಲುಗಲ್ಲದ ಕೂಸನ್ನು ತಂದು ಕೂಡ್ರಿಸಿದ ಮೇಲೆ ಬೆರಳಷ್ಟು ಎದ್ದಿತಂತೆ.

ಹಾಗಂತ ಡಾಕ್ಟರು ಬೇಡ ಅಂತಲ್ಲ. ದವಾಖಾನೆಯಲ್ಲಿ ಡಾಕ್ಟರಮ್ಮ ಇದ್ದಾರೆ, ಗುಳಿಗೆ ಕೊಡುತ್ತಾರೆ, ಅವು ಬೇಕು. ಆದರೆ ಅವರೂ ಚೀಟಿ ಬರೆದ ಮೇಲೆ ಕನ್ನಡಕದ ಮೇಲಿಂದ ನೋಡಿ, "ಮನ್ಯಾಗ ಯಾರರೆ ಕೂಡ್ರಾಕ ಬರತಾರಿಲ್ಲೊ?" ಎಂದು ಕೇಳದೆ ಬಿಡುವುದಿಲ್ಲ.

ನನ್ನ ಹೆಸರು ಅನಸವ್ವ. ರೊಟ್ಟಿ ಬಡಿದು ಖಾನಾವಳಿಗೆ ಕೊಡುವುದು ನನ್ನ ಕೆಲಸ. ನಮ್ಮ ಮನೆ ಆಗಾಗ ವಾಲುತ್ತದೆ, ವಾಲುವುದು ನನ್ನಿಂದ. ಕಾರಣ ಕೇಳಬೇಡಿ, ನನಗೂ ಗೊತ್ತಿಲ್ಲ. ನೆಗಡಿ ಬಂದವರನ್ನು ಯಾರಾದರೂ ಕಾರಣ ಕೇಳುತ್ತಾರೆಯೆ? ಒಂದು ಬೆಳಗ್ಗೆ ಏಳಲು ಆಗುವುದಿಲ್ಲ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವುದು ಗುಡ್ಡ ಕಿತ್ತಷ್ಟು ಕಷ್ಟವಾಗುತ್ತದೆ. ಆಮೇಲೆ ಅಡಿಗೆ ಮನೆಯ ಕಡೆ ನೆಲ ಇಳಿಯುತ್ತದೆ, ಪಾತ್ರೆಗಳು ಜಾರುತ್ತವೆ, ಆ ಸದ್ದು ಕೇಳಿ ಓಣಿಯ ಹೆಂಗಸರು ಬರುತ್ತಾರೆ. ಅವರ ಗದ್ದಲ, ಅವರ ಜಗಳ, ಅವರ ಎಲೆಯಡಿಕೆ. ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತೇನೆ. ಗುಳಿಗೆಯೂ ಅವರೂ ಸೇರಿ ಒಂದು ದಿನ ನನ್ನನ್ನು ಎಬ್ಬಿಸಿ ಕೂಡ್ರಿಸುತ್ತಾರೆ. ಏಳು ಅಂತ ಯಾರೂ ಅನ್ನುವುದಿಲ್ಲ. ಚೌಕಾಬಾರದಲ್ಲಿ ಯಾರೋ ಮೋಸ ಮಾಡುತ್ತಾರೆ, ನೋಡಿ ಸುಮ್ಮನಿರಲಾಗದೆ ನಾನೇ ಎದ್ದು ಕೂಡ್ರುತ್ತೇನೆ.

ಇದೆಲ್ಲ ನನಗೆ ರೂಢಿಯಾಗಿತ್ತು. ರೂಢಿಯಾಗದವರು ನಮ್ಮವರು. ಊರಿಗೆ ಫಕೀರಪ್ಪ ಗೌಂಡಿ ಎಂದರೆ ದೊಡ್ಡ ಹೆಸರು, ಅವರು ಇಟ್ಟ ಕಲ್ಲು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಅಂಥವರು ಕೆಲಸ ಮುಗಿಸಿ ಬಂದು, ತಮ್ಮದೇ ಮನೆ ಕತ್ತು ವಾರೆ ಮಾಡಿ ನಿಂತದ್ದನ್ನು ನೋಡಬೇಕು. ಉಳಿದ ಗೌಂಡಿಗಳು, "ಏನ್ ಫಕೀರಪ್ಪಣ್ಣ, ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ" ಎಂದು ಚೇಷ್ಟೆ ಮಾಡುತ್ತಿದ್ದರು. ಚೇಷ್ಟೆಯೇ, ಕೆಟ್ಟ ಮನಸ್ಸಿನದಲ್ಲ. ಆದರೆ ನಮ್ಮವರು ಮಾತು ಕಡಿಮೆಯ ಮನುಷ್ಯ. ಮಾತು ಕಡಿಮೆ ಇರುವವರಿಗೆ ಚೇಷ್ಟೆ ಒಳಗೇ ಉಳಿಯುತ್ತದೆ. ಮಂದಿ ಕೂಡ್ರಲು ಬಂದಾಗಲೆಲ್ಲ ಅವರು ಅಂಗಳದಲ್ಲಿ ನಿಂತು ಇಟ್ಟಂಗಿ ಎಣಿಸುತ್ತಿದ್ದರು.

ಕಳೆದ ಸಲ ಮನೆ ಇಳಿಯತೊಡಗಿದ ದಿನವೇ ಅವರು ಎಲ್ಲಿಂದಲೋ ಲಾರಿ ಎತ್ತುವ ಜಾಕುಗಳನ್ನು ತಂದರು. ಹಿತ್ತಲ ಕಡೆ ತಗ್ಗಿದ ಗೋಡೆಯ ಬುಡಕ್ಕೆ, ಮಂದಿಗೆ ಕಾಣದ ಹಾಗೆ, ಅವನ್ನು ಕೊಟ್ಟು, ಬೆಣೆ ಬಡಿದು, ಇಡೀ ಮನೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಆಮೇಲೆ ರಸಮಟ್ಟವನ್ನು ನಾನು ಮಲಗಿದ್ದ ಚಾಪೆಯ ಪಕ್ಕದಲ್ಲಿಟ್ಟು, ನಡುವೆ ನಿಂತ ಗುಳ್ಳೆಯನ್ನು ನನಗೆ ತೋರಿಸಿದರು.

"ನೋಡ ಅನಸಿ, ಒಂದೀಟೂ ಹೆಚ್ಚುಕಡಿಮಿ ಇಲ್ಲ. ನೀ ಕಣ್ಣ ತಗದ್ರ ಮನಿ ನೆಟ್ಟಗ ಕಾಣಬೇಕು. ಆವಾಗ ನಿನಗೂ ಆರಾಮ ಅನಸತೈತಿ."

ಅವರ ಕಣ್ಣಿನಲ್ಲಿ ಎಷ್ಟು ಆಸೆಯಿತ್ತೆಂದರೆ, ನಾನು ಹೂಂ ಅಂದೆ. ನನ್ನ ಮೇಲೆ ಜೀವ ಇಟ್ಟುಕೊಂಡೇ ಆ ಮನುಷ್ಯ ಹಾಗೆ ಮಾಡಿದರು, ಅದರಲ್ಲಿ ನನಗೆ ಅನುಮಾನವಿಲ್ಲ.

ನೆಟ್ಟಗಿರುವ ಮನೆಗೆ ಕೂಡ್ರಲು ಹೋಗುವುದು ನಮ್ಮೂರಲ್ಲಿ ಅವಮಾನ. ಚಲೋ ಇದ್ದವರ ಮನೆಗೆ ಹೆಣ ನೋಡಲು ಹೋದಂತೆ. ಆದ್ದರಿಂದ ಯಾರೂ ಬರಲಿಲ್ಲ. ಅಷ್ಟೇ ಅಲ್ಲ, ಅನಸವ್ವ ಈ ಸಲ ಬಲು ಲಗೂ ಆರಾಮಾದಳೆಂದು ಖುಷಿಪಟ್ಟು ಹೋಳಿಗೆ ಕಳಿಸಿದರು. ನಮ್ಮವರು ದಿನಾ ಕೆಲಸದಿಂದ ಬಂದು ರಸಮಟ್ಟ ನೋಡಿ, ಇನ್ನೇನು ನಾಳೆ ಏಳುತ್ತಾಳೆ ಎಂದು ಕಾಯುತ್ತಿದ್ದರು. ಖಾನಾವಳಿಯ ಗದಿಗೆಪ್ಪ ಬಾಗಿಲಲ್ಲಿ ನಿಂತು, "ಮನಿ ನೆಟ್ಟಗೈತಿ, ಮತ್ತ ರೊಟ್ಟಿ ಯಾಕ ಬರವಲ್ವು?" ಎಂದು ಕೇಳಿ ಹೋದ. ಅವನದೇನೂ ತಪ್ಪಿಲ್ಲ. ನನಗೇ ಹಾಗೆ ಅನ್ನಿಸತೊಡಗಿತ್ತು. ಮನೆ ನೆಟ್ಟಗಿದೆ, ರಸಮಟ್ಟವೂ ಹೌದು ಅಂತಿದೆ. ಅಂದಮೇಲೆ ನನಗೆ ಆರಾಮಿಲ್ಲ ಅನ್ನುವುದು ಸುಳ್ಳಿರಬೇಕು, ನಾನು ಬರೀ ಮೈಗಳ್ಳಿ ಇರಬೇಕು. ದವಾಖಾನೆಗೆ ಯಾವ ಮುಖ ಹೊತ್ತು ಹೋಗುವುದು ಎಂದು ಗುಳಿಗೆ ತರಿಸುವುದನ್ನೂ ಬಿಟ್ಟೆ. ನಾನೊಬ್ಬಳು ಇಲ್ಲದಿದ್ದರೆ ಈ ಮನೆ ಯಾವ ಜಾಕಿನ ಹಂಗೂ ಇಲ್ಲದೆ ತಾನಾಗಿ ನೆಟ್ಟಗೆ ನಿಂತೀತು ಅನ್ನಿಸಿತು. ದಿನಾ ಅದೇ ವಿಚಾರ, ಪ್ರತಿ ಸಲ ಮೊದಲಿಗಿಂತ ಸುಲಭವಾಗಿ ಬರುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ.

ಬಾಯಿಬಿಟ್ಟು ಹೇಳಬಾರದಿತ್ತೆ ಎಂದು ನೀವು ಕೇಳಬಹುದು. ನಮ್ಮೂರಲ್ಲಿ ಆ ರೂಢಿಯೇ ಇರಲಿಲ್ಲ. ಹೇಳುವುದೆಲ್ಲ ಮನೆ ಹೇಳುತ್ತಿತ್ತು. ಮನೆ ಸುಮ್ಮನಾದ ಮೇಲೆ ಯಾವ ಮಾತಿನಿಂದ ಶುರುಮಾಡಬೇಕೆಂದೇ ನನಗೆ ತಿಳಿಯಲಿಲ್ಲ.

ಆದರೆ ಎತ್ತಿದ ಭಾರ ಎಲ್ಲಿಗಾದರೂ ಹೋಗಬೇಕಲ್ಲ. ಅದು ನಡುಗೋಡೆ ದಾಟಿ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆ ರೇವಕ್ಕನದು. ರೇವಕ್ಕ ಬಳೆ ಮಾರುವವಳು, ನಕ್ಕರೆ ಊರ ಅಗಸಿ ಬಾಗಿಲಿಗೆ ಕೇಳಬೇಕು, ಜಗಳ ತೆಗೆದರೆ ಅದರಾಚೆಗೂ ಕೇಳಬೇಕು. ಹುಟ್ಟಿದಾಗಿನಿಂದ ಆಕೆಯ ಮನೆ ಒಂದು ಸಲವೂ ವಾಲಿದ್ದಿಲ್ಲ. ಅಂಥ ರೇವಕ್ಕನ ಮನೆ ಒಂದು ಮುಂಜಾನೆ ಸೊಟ್ಟಗೆ ನಿಂತದ್ದು ಕಂಡು ಹುಸೇನಬಿ ಗಿರಣಿಯನ್ನೇ ಬಂದ್ ಮಾಡಿದಳು. ಹೊತ್ತೇರುವುದರೊಳಗೆ ಇಡೀ ಓಣಿ ರೇವಕ್ಕನ ಮನೆಯಲ್ಲಿತ್ತು. ನಡುಗೋಡೆಗೆ ಕಿವಿಯಿಟ್ಟವಳಂತೆ ನಾನು ಈ ಕಡೆ ಮಲಗಿದ್ದೆ, ಎಲ್ಲ ಕೇಳುತ್ತಿತ್ತು.

"ನನಗೇನೂ ಆಗಿಲ್ಲ ನಮ್ಮವ್ವ, ನಿಮ್ಮ ನಿಮ್ಮ ಮನೀಗೆ ಹೋಗ್ರಿ," ಎಂದಳು ರೇವಕ್ಕ.

"ಎಲ್ಲಾರೂ ಮದಲ ಹಂಗ ಅಂತಾರ," ಎಂದಳು ಹುಸೇನಬಿ. "ನೀ ಏನೂ ಮಾತಾಡಬ್ಯಾಡ. ನಾವು ಸುಮ್ಮನ ಕುಂದರತೀವಿ."

"ನಾ ಯಾಪಾರಕ್ಕ ಹೋಗಬೇಕು."

"ಬಳಿ ಎಲ್ಲೂ ಓಡಿ ಹೋಗಂಗಿಲ್ಲ. ಅಳಬೇಕನಿಸಿದ್ರ ಅಳು, ನಾವು ಆಕಡೆ ನೋಡತೀವಿ."

"ನನಗ ಅಳು ಬರವಲ್ದು, ಸಿಟ್ಟು ಬರಾಕ ಹತ್ತೈತಿ."

"ಸಿಟ್ಟೂ ಬರತೈತಿ. ಅದೂ ಅದರಾಗ ಒಂದು."

ಗಟ್ಟಿಮುಟ್ಟಾಗಿದ್ದ ಒಬ್ಬ ಹೆಂಗಸಿಗೆ ಊರೆಲ್ಲ ಸೇರಿ ಆರೈಕೆ ಮಾಡುವುದನ್ನು ನೀವು ಕೇಳಬೇಕಿತ್ತು. ದಿನವೂ ಬಂದರು. ಒಬ್ಬರು ಗಂಜಿ ತಂದರು, ಒಬ್ಬರು ತಲೆಗೆ ಎಣ್ಣೆ ಹಚ್ಚಿದರು. ರೇವಕ್ಕ ನಕ್ಕರೆ, ಪಾಪ, ನಮ್ಮ ಸಲುವಾಗಿ ನಗುತ್ತಾಳೆ ಎಂದರು. ಸುಮ್ಮನಿದ್ದರೆ, ಈಗ ಒಳಗಿನದು ಹೊರಗೆ ಬರುತ್ತಿದೆ ಎಂದರು. ಬೈದರೆ ಮೆಚ್ಚಿಕೊಂಡರು. ಎಷ್ಟು ಕೂತರೂ ಮನೆ ಮಾತ್ರ ಏಳಲಿಲ್ಲ. ಕೊನೆಗೆ ರೇವಕ್ಕನಿಗೇ ಅನುಮಾನ ಬಂದಿರಬೇಕು. ಒಂದು ಮಧ್ಯಾಹ್ನ ಸಣ್ಣ ದನಿಯಲ್ಲಿ, "ಖರೇನ ನನಗೇನರ ಆಗಿರಬೌದೇನ್ರೆ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಎಷ್ಟೋ ದಿನದ ಮೇಲೆ ನನಗೆ ನಗು ಬರುವಂತಾಯಿತು. ತುಟಿಯ ತನಕ ಬಂದು ನಿಂತಿತು. ಅದರ ಹಿಂದೆಯೇ ಅಳು ಬಂತು. ಆ ಗದ್ದಲವೆಲ್ಲ ನನ್ನದು, ನನಗೆ ಬರಬೇಕಾದದ್ದು, ಒಂದು ಗೋಡೆಯಷ್ಟು ದೂರ ತಪ್ಪಿ ಬಿದ್ದಿತ್ತು.

ಅದೇ ಮಧ್ಯಾಹ್ನ ಹುಸೇನಬಿ ಹೊಸ ಉಪಾಯ ಹೂಡಿದಳು. "ಇದು ನಮ್ಮ ಕೈಲೆ ಆಗೂದಲ್ಲ. ಅನಸವ್ವನ್ನ ಕರೀರಿ. ಅದನ್ನ ಉಂಡ ಎದ್ದಾಕಿ ಆಕಿ. ಆಕಿ ಬಂದು ಕುಂತ್ರ ಮನಿ ಎದ್ದ ಏಳತೈತಿ."

ಮರುಗಳಿಗೆಯಲ್ಲಿ ಅವಳು ನಮ್ಮ ಬಾಗಿಲಲ್ಲಿದ್ದಳು. ಬಾಗಿಲು ಸಂದಿನಷ್ಟೇ ತೆರೆದಿತ್ತು, ಬಿಸಿಲಿನಿಂದ ಬಂದವಳಿಗೆ ಒಳಗಿನ ಕತ್ತಲಲ್ಲಿ ಏನೂ ಕಾಣಲಿಲ್ಲ. "ಅನಸವ್ವ, ರೇವಕ್ಕಗ ಭಾಳ ಆರಾಮಿಲ್ಲವಾ. ಒಂದೀಟ ಬಂದು ಕುಂದರು," ಎಂದಳು. ಕೂಡ್ರಲು ಕರೆದರೆ ಒಲ್ಲೆ ಅನ್ನುವಂತಿಲ್ಲ. ಜ್ವರವಿದ್ದವರೂ ಕಂಬಳಿ ಹೊದ್ದು ಹೋಗುತ್ತಾರೆ. ನಾನು ಗೋಡೆ ಹಿಡಿದು ಎದ್ದೆ. ತಲೆ ಬಾಚಿ ಎಷ್ಟೋ ದಿನವಾಗಿತ್ತು, ಸೀರೆ ಯಾವತ್ತಿನದೋ. ಹುಸೇನಬಿ ಆಗಲೇ ಮುಂದೆ ಹೋಗಿದ್ದಳು. ಬಾಗಿಲಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ನಡುವೆ ಒಂದು ಸಲ ಕೂತು ಎದ್ದೆ.

ರೇವಕ್ಕನ ಹೊಸ್ತಿಲ ಒಳಗೆ ಕಾಲಿಟ್ಟೆನೋ ಇಲ್ಲವೋ, ಆ ಮನೆ ಗರ್ ಎಂದು ನನ್ನ ಕಡೆಗೆ ಇಳಿಯಿತು. ಚಾಪೆಗಳ ಮೇಲೆ ಕೂತಿದ್ದ ಅಷ್ಟೂ ಮಂದಿ ಕೂತ ಭಂಗಿಯಲ್ಲೇ ಜಾರಿ ಬಂದು ಬಾಗಿಲ ಹತ್ತಿರ ಒಬ್ಬರ ಮೇಲೊಬ್ಬರು ಬಿದ್ದರು. ಬಳೆ ಪೆಟ್ಟಿಗೆ ಬಾಯಿ ತೆರೆದು ಹಸಿರು, ಕೆಂಪು, ಹಳದಿ ಎಲ್ಲ ಅವರ ತಲೆಯ ಮೇಲೆ ಸುರಿಯಿತು.

"ಅಯ್ಯ, ಇನ್ನಾ ಹೆಚ್ಚಾತಲ್ಲವಾ ಈಕೀದು," ಎಂದು ಹುಸೇನಬಿ ಬಳೆಗಳ ನಡುವಿನಿಂದ ಹೇಳಿ, ಏಳಲಾಗದೆ ಅಲ್ಲಿಂದಲೇ ರೇವಕ್ಕನ ಕೈ ಹಿಡಿದುಕೊಂಡಳು. "ಅಂಜಬ್ಯಾಡ ರೇವಕ್ಕ, ನಾವದೇವಿ."

ರೇವಕ್ಕ ಬಿಕ್ಕಿ ಅಳತೊಡಗಿದಳು. ಆಕೆ ಅತ್ತದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ತನಗಿಲ್ಲದ ಕಾಯಿಲೆಗೆ ಆ ಗಟ್ಟಿ ಹೆಂಗಸು ನನ್ನ ಬದಲು ಅಳುತ್ತಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ರೇವಕ್ಕಗ ಏನೂ ಆಗಿಲ್ರಿ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇದು ನಂದು."

ಯಾರಿಗೂ ಅರ್ಥವಾಗಲಿಲ್ಲ. ಅಂಥ ಮಾತನ್ನು ಯಾರೂ ಯಾರ ಬಾಯಿಂದಲೂ ಕೇಳಿದ್ದಿಲ್ಲ. ಹುಸೇನಬಿ ಕತ್ತು ಚಾಚಿ ಹೊರಗೆ ನೋಡಿ, "ನಿನ್ನ ಮನಿ ನೆಟ್ಟಗೈತಲ್ಲವಾ?" ಎಂದಳು.

"ಮನಿ ನೆಟ್ಟಗೈತ್ರಿ ಚಾಚಿ. ನಾ ಇಲ್ಲ."

ಅಷ್ಟು ಹೇಳಿ ನಾನು ಬಾಗಿಲಲ್ಲೇ ಕುಸಿದು ಕೂತೆ. ಎಲ್ಲರಿಗಿಂತ ಮೊದಲು ಎದ್ದವಳು ರೇವಕ್ಕ. ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನ ಗಂಟುಗಟ್ಟಿದ ಕೂದಲನ್ನೂ ಸೀರೆಯನ್ನೂ ನೋಡಿ, ಆಮೇಲೆ ತನ್ನ ಮನೆಯಲ್ಲಿ ಬಿದ್ದಿದ್ದ ಜನರನ್ನು ನೋಡಿದಳು. "ಬುದ್ಧಿಗೇಡಿಗಳಿರಾ, ಇಷ್ಟ ದಿನ ತಪ್ಪ ಮನ್ಯಾಗ ಕುಂತೀರಿ. ನನ್ನ ಯಾಪಾರ ಹೋತು, ಆಕೀ ಜೀವ ಹೋಗತಿತ್ತು. ಏಳ್ರಿ ಮ್ಯಾಲ," ಎಂದು ಚಹಾದ ಕಿಟ್ಲಿಯನ್ನು ಎತ್ತಿಕೊಂಡು ಮುಂದೆ ನಡೆದಳು. ಬಳೆ ಕೊಡವಿಕೊಳ್ಳುತ್ತ ಎಲ್ಲರೂ ಅವಳ ಹಿಂದೆ ನಮ್ಮ ಮನೆಗೆ ಬಂದರು. ಹಿತ್ತಲ ಗೋಡೆಯ ಬುಡದಲ್ಲಿ ಜಾಕುಗಳನ್ನು ಕಂಡಾಗ ಎಲ್ಲ ತಿಳಿಯಿತು.

ಯಾರೋ ಓಡಿ ಹೋಗಿ ನಮ್ಮವರನ್ನು ಕೆಲಸದಿಂದ ಕರೆತಂದರು. ಕೈಯಲ್ಲಿ ಇನ್ನೂ ಗಾರೆ ಮೆತ್ತಿತ್ತು. ಅಂಗಳ ತುಂಬ ಮಂದಿ ನಿಂತದ್ದು ನೋಡಿ ಅವರ ಮುಖ ಸಣ್ಣದಾಯಿತು.

"ಜಾಕ್ ತಗಿ ಫಕೀರಪ್ಪ," ಎಂದಳು ಹುಸೇನಬಿ.

"ತಗದ್ರ ಒಮ್ಮಿಗೇ ವಾಲತೈತಿ ಚಾಚಿ. ಮಂದಿ ಏನಂತಾರ?"

"ಮಂದಿ ಎಲ್ಲಾ ಇಲ್ಲೇ ಅದೇವಿ. ಏನಂತೀವಿ, ಕೇಳಿಬಿಡು."

ನಮ್ಮವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅವರು ಹಿತ್ತಲಿಗೆ ಹೋಗಿ ಮೊಳಕಾಲೂರಿ ಬೆಣೆ ಬಡಿದು ತೆಗೆದರು, ಜಾಕುಗಳನ್ನು ಒಂದೊಂದಾಗಿ ಸಡಿಲ ಮಾಡಿದರು. ಮನೆ ಆಕಳು ಮಲಗಿದ ಹಾಗೆ ಮೆಲ್ಲಗೆ ಮಗ್ಗುಲಿಗೆ ಇಳಿಯಿತು. ಪಕ್ಕದಲ್ಲಿ ರೇವಕ್ಕನ ಮನೆ ಎದ್ದು ನಿಂತಿತು. "ಹೇಳಿದ್ದಿಲ್ಲೇನ ನಿಮಗ," ಎಂದಳು ರೇವಕ್ಕ. ಅಂಗಳದಲ್ಲಿ ನಗೆ ಎದ್ದಿತು. ಎಲ್ಲರೂ ಒಳಗೆ ನುಗ್ಗಿ ಎತ್ತರದ ಮಗ್ಗುಲು ಹಿಡಿದು ಕೂತರು, ಜಾಗಕ್ಕಾಗಿ ಜಗಳವೂ ಆಯಿತು. ನಮ್ಮವರು ಹೊರಗೆ ಹೋಗಲು ನೋಡಿದರು. ಹುಸೇನಬಿ ಅವರ ರಟ್ಟೆ ಹಿಡಿದು ಒಳಗೆಳೆದು ನನ್ನ ಪಕ್ಕದಲ್ಲೇ ಕೂಡ್ರಿಸಿದಳು. ಗಾರೆಯ ಕೈಯಿಂದಲೇ ಅವರು ನನ್ನ ಕೈ ಹಿಡಿದುಕೊಂಡರು. ಅಷ್ಟು ಮಂದಿಯ ಎದುರಿಗೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮರುದಿನ ರೇವಕ್ಕ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಗುಳಿಗೆ ಬದಲಿಸಿದರು. ಮನೆ ಒಮ್ಮೆ ಏಳುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಅವಸರ ಯಾರಿಗೂ ಇರಲಿಲ್ಲ. ಅದರ ನಡುವೆ ಓಣಿಯಲ್ಲಿ ಹೊಸ ರೂಢಿಯೊಂದು ಶುರುವಾಯಿತು. ಹುಸೇನಬಿ ಈಗ ಗಿರಣಿಯ ಕಟ್ಟೆಯ ಮೇಲೆ ನಿಂತು ನೋಡಿದಷ್ಟಕ್ಕೇ ತೃಪ್ತಿಪಡುವುದಿಲ್ಲ. ನೆಟ್ಟಗಿರುವ ಮನೆಗಳಿಗೂ ಹೋಗಿ, "ಮನಿ ಬಿಡು, ನೀ ಹೆಂಗದಿ?" ಎಂದು ಕೇಳುತ್ತಾಳೆ. ಮೊದಮೊದಲು ಜನ ಸಿಟ್ಟಾದರು. ಆಮೇಲೆ ಒಬ್ಬರು, ಮತ್ತೊಬ್ಬರು, "ಅಷ್ಟಕ್ಕಷ್ಟ" ಎಂದು ಹೇಳುವುದನ್ನು ಕಲಿತರು.

ನಾನು ಮತ್ತೆ ರೊಟ್ಟಿ ಬಡಿಯಲು ಕೂತ ದಿನಗಳಲ್ಲಿ, ಮನೆ ಇನ್ನೂ ಗೇಣಷ್ಟು ವಾಲಿಕೊಂಡೇ ಇದ್ದಾಗ, ದೂರದ ಊರಿನಿಂದ ಒಬ್ಬ ಹಿರಿಯರು ನಮ್ಮವರನ್ನು ಹುಡುಕಿಕೊಂಡು ಬಂದರು. ಮನೆ ಕಟ್ಟಿಸಬೇಕಿತ್ತಂತೆ. ಇಸ್ತ್ರಿಯ ಧೋತರ, ಕೈಯಲ್ಲಿ ಛತ್ರಿ, ಹೆಸರು ಬಾಳನಗೌಡರು. ಅಂಗಳದಲ್ಲಿ ನಿಂತು ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಗೌಂಡಿ ಮನೀನ ಹಿಂಗ್ಯಾಕ ವಾಲೈತಿ?" ಎಂದು ಕೇಳಿದರು. ಒಳಗೆ ನನ್ನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ತಳ ಕುಸಿದಿದೆ ಅನ್ನಬಹುದಿತ್ತು, ಹಳೇ ಮನೆ ಅನ್ನಬಹುದಿತ್ತು. ನಮ್ಮವರು ಎರಡನ್ನೂ ಅನ್ನಲಿಲ್ಲ.

"ನನ್ನ ಹೇಣ್ತಿ ಮನಸಿಗೆ ಆರಾಮಿಲ್ರಿ, ಅದಕ್ಕ ವಾಲೈತಿ," ಎಂದರು. "ಕಟ್ಟಿದಾಂವ ನಾನ. ಚಲೋ ಕಟ್ಟೀನಿ."

ಗೌಡರು ಹೊರಟುಹೋಗುತ್ತಾರೆ ಅಂದುಕೊಂಡೆ. ಅವರು ಛತ್ರಿಯನ್ನು ಗೋಡೆಗೆ ಆನಿಸಿ ಕಟ್ಟೆಯ ಮೇಲೆ ಕೂತರು. ಮನೆ ಕಟ್ಟುವ ಮಾತೇ ಎತ್ತಲಿಲ್ಲ. ದನಿ ತಗ್ಗಿಸಿ, "ಎಲ್ಲೆ ತೋರಿಸೀರಿ?" ಎಂದು ಕೇಳಿದರು.

ನಮ್ಮವರು ಅವರ ಮುಖ ನೋಡಿದರು. "ನಿಮ್ಮ ಮನ್ಯಾಗ ಯಾರಿಗೆ ಆರಾಮಿಲ್ರಿ?"

"ಮಗಳಿಗೆ. ಹೊರಗ ಬರವಲ್ಲಳು, ಯಾರ ಕೂಡೂ ಮಾತಾಡವಲ್ಲಳು." ಗೌಡರು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ನಮ್ಮೂರಾಗ ಮನಿ ವಾಲೂದಿಲ್ರಿ. ಯಾರಿಗೂ ಗೊತ್ತಾಗಿಲ್ಲ."

ಮುಂದಿನ ಸೋಮವಾರ, ಗಿರಣಿಗೆ ಸೂಟಿ ಇದ್ದ ದಿನ, ನಾವೆಲ್ಲ ಟೆಂಪೋ ಮಾಡಿಕೊಂಡು ಆ ಊರಿಗೆ ಹೊರಟೆವು. ನಾನು ಬುಟ್ಟಿ ತುಂಬ ರೊಟ್ಟಿ ಕಟ್ಟಿಕೊಂಡಿದ್ದೆ. ನಮ್ಮವರು ಡ್ರೈವರನ ಪಕ್ಕದಲ್ಲಿ ಕೂತಿದ್ದರು. ನೆಟ್ಟಗಿರುವ ಮನೆಯಲ್ಲಿ ಎತ್ತರ ಯಾವುದು, ತಗ್ಗು ಯಾವುದು, ಯಾವ ಮಗ್ಗುಲಿಗೆ ಕೂಡ್ರಬೇಕು ಎಂದು ರೇವಕ್ಕ ದಾರಿಯುದ್ದಕ್ಕೂ ವಾದ ಮಾಡಿದಳು. ಊರು ಕಾಣುವ ಹೊತ್ತಿಗೆ ಹುಸೇನಬಿಗೆ ಸಾಕಾಗಿತ್ತು.

"ಆ ಹುಡಿಗಿ ಯಾವ ಕಡೆ ಇರತಾಳೊ, ಆ ಕಡೆ," ಎಂದಳು.